ಈಗ ಮೊಟ್ಟೆ ಇದೆ, ಆಮೇಲೆ ಬಾ

ಅವನ ಫೋಟೋದ ಕೆಳಗೆ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ನಿಲ್ಲಿಸಿದ್ದರು: 'ಸಾರು ಬತ್ತಿದರೆ ಮೇಲೆ ಸಾರು ಹುಯ್ಯಬೇಡಿ, ನೀರು ಹುಯ್ಯಿರಿ.' ಅದರ ಕೆಳಗೆ ಅವನ ಹೆಸರು. ಕೆ.ಜಿ.ಎಫ್.ನ ಕೋರಮಂಡಲ್ ಬಡಾವಣೆಯ ಆ ಸಣ್ಣ ಸಭಾಂಗಣಕ್ಕೆ ಶ್ರದ್ಧಾಂಜಲಿಗೆಂದು ಬಂದವರೆಲ್ಲ ರಟ್ಟನ್ನು ಓದಿ ತಲೆದೂಗಿದರು. ಭಾಷಣ ಮಾಡಿದ ಒಬ್ಬರು, ಇದು ನೋಡಲು ಅಡಿಗೆಯ ಮಾತು, ಒಳಗೆ ಇಡೀ ಜೀವನ ಇದೆ ಎಂದರು.

ಆ ಮಾತು ನನ್ನದು. ಒಳಗೆ ಯಾವ ಜೀವನವೂ ಇಲ್ಲ, ಉಪ್ಪಿದೆ.

ಸಭೆ ಮುಗಿದ ಮೇಲೆ ಸ್ಮರಣ ಸಂಚಿಕೆಯವರು ಬಂದು, 'ನೀವು ಅವರ ಶಿಷ್ಯೆ ಅಲ್ಲವೆ, ಎರಡು ಪುಟ ಬರೆದುಕೊಡಿ' ಎಂದರು. ಆಗಲಿ ಎಂದೆ. ಅವರು ಹಾಕದಿದ್ದರೆ ಬೇರೆ ಕಡೆ ಕೊಡುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅದು ಮರ್ಯಾದೆಯಿಂದಲ್ಲ, ಅವನ ಹೆಸರು ಬೇಡದ ಜಾಗದಲ್ಲೆಲ್ಲ ಇದೆ, ಇನ್ನೊಂದು ಕಡೆ ಬೇಡ ಎಂದು. ಎದುರಿಗೆ ಇಷ್ಟು ವರ್ಷ 'ಅಣ್ಣ' ಎಂದೆ, 'ನೀವು' ಎಂದೆ. ಇಲ್ಲಿ ಅವನು 'ಅವನು'.

ಅವನನ್ನು ನೆನೆದರೆ ಮೊದಲು ಕಾಣುವುದು ಕಿರುಬೆರಳು. ಯಾರ ಮನೆಯ ಮೀನಿನ ತೊಟ್ಟಿಯ ಮುಂದೆ ನಿಂತರೂ ಕೇಳದೆ ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸುತ್ತಿದ್ದ. ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಆಮೇಲೆ ತೀರ್ಪು. ಎರಡನೆಯದಾಗಿ ಕಾಣುವುದು ಉಂಗುರ. ತೀರ್ಪು ಕೊಟ್ಟಾದ ಮೇಲೆ ಉಂಗುರದಿಂದ ಗಾಜಿಗೆ ಟಕ್ಕೆಂದು ಒಂದು ಏಟು. ಒಳಗಿನ ಮೀನುಗಳು ಬೆದರಿ ಮೂಲೆ ಸೇರುತ್ತಿದ್ದವು. ಶ್ರದ್ಧಾಂಜಲಿಯ ದಿನ ಫೋಟೋವನ್ನು ಹತ್ತಿರದಿಂದ ನೋಡಿದೆ. ಎರಡು ಕೈಯೂ ತೊಡೆಯ ಮೇಲಿವೆ, ಯಾವ ಬೆರಳಿನಲ್ಲೂ ಉಂಗುರವಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿಯನ್ನು ಕೇಳಿದೆ.

'ಉಂಗುರವಾ? ಅವರು ಎಲ್ಲಮ್ಮಾ ಹಾಕ್ತಿದ್ರು? ಮೆಷಿನ್ ಹತ್ರ ಕೆಲಸ. ಮದುವೆ ಉಂಗುರಾನೇ ಬಿಚ್ಚಿ ಕೊಟ್ಬಿಟ್ಟಿದ್ರು.'

ಹಾಗಾದರೆ ಆ ಉಂಗುರವನ್ನು ತೊಡಿಸಿದವಳು ನಾನು. ಇರಲಿ, ತೆಗೆಯುವುದಿಲ್ಲ. ಆ ಬೆರಳಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಅವನು ಬೂದಿಕೋಟೆ ಕಡೆಯವನು. ಕೆ.ಜಿ.ಎಫ್.ನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಚಾರ್ಜ್‌ಮ್ಯಾನ್. ನಾನು ಅದೇ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್. ಮೂಲ ತುಮಕೂರು, ಮದುವೆಯಾದ ಮೇಲೆ ಮನೆ ಬಂಗಾರಪೇಟೆಯಲ್ಲಿ, ದಿನವೂ ಮಾರಿಕುಪ್ಪಂ ರೈಲಿನಲ್ಲಿ ಓಡಾಟ. ಅವನು ಕೋರಮಂಡಲ್ ಹತ್ತಿರದ ಕ್ವಾರ್ಟರ್ಸಿನಲ್ಲಿದ್ದ. ಮೀನಿನ ಜೊತೆ ತೆಲುಗು ಆಡುತ್ತಿದ್ದ, ಹೆಂಡತಿಯ ಜೊತೆ ತಮಿಳು, ನಮ್ಮಂಥವರ ಜೊತೆ ಕನ್ನಡ. ಉಪಕಾರ ನೆನೆಯಲು ಮಾತ್ರ ಅವನ ಹತ್ತಿರ ಯಾವ ಭಾಷೆಯೂ ಇರಲಿಲ್ಲ.

ಅವನು ನನಗೆ ಏನನ್ನೂ ಕಲಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ಗಪ್ಪಿ ಮೀನುಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಎಕ್ಸ್‌ಚೇಂಜಿನ ಕಿಟಕಿಯಲ್ಲಿ ಇಟ್ಟು ಹೋದವನು ಅವನೇ. 'ಮೀನು ಸಾಕ್ಬೇಡ ಕಣಮ್ಮ, ನೀರು ಸಾಕು. ನೀರು ಚೆನ್ನಾಗಿದ್ರೆ ಮೀನು ತಾನೇ ಬದುಕ್ತದೆ' ಎಂದ. ಒಳ್ಳೆಯ ಮಾತು. ಈಗ ಯೋಚಿಸಿದರೆ ಅದನ್ನೂ ಯಾರ ಹತ್ತಿರ ಎತ್ತಿಕೊಂಡಿದ್ದನೋ.

ಸಮುದ್ರದ ಮೀನು ಮಾತ್ರ ನನ್ನದು. ನನ್ನ ಗಂಡ ರೈಲ್ವೆಯಲ್ಲಿ ಗಾರ್ಡ್. ಒಮ್ಮೆ ಅವರ ಜೊತೆ ಮದ್ರಾಸಿಗೆ ಹೋದಾಗ, ಸ್ಟೇಷನ್ನಿನ ಹಿಂದಿನ ಬೀದಿಯ ಒಂದು ಅಂಗಡಿಯಲ್ಲಿ ಅವುಗಳನ್ನು ಕಂಡೆ. ಕಿತ್ತಳೆ ಮೈ, ಮೂರು ಬಿಳಿ ಪಟ್ಟಿ, ಪಟ್ಟಿಯ ಅಂಚಿಗೆ ಕಾಡಿಗೆ. ನೇರವಾಗಿ ಈಜದೆ ಸೊಂಟ ಕುಣಿಸುತ್ತ ನಿಂತಲ್ಲೇ ಓಲಾಡುತ್ತಿದ್ದವು. ಅಂಗಡಿಯವನು ಜೋಕರ್ ಮೀನು ಎಂದ. ಕ್ಲೌನ್ ಫಿಶ್ ಎಂಬ ಹೆಸರು ನನಗೆ ಆಮೇಲೆ ತಿಳಿದದ್ದು. ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದರ ತಲೆಯ ಹಿಂದಿನ ಪಟ್ಟಿ ಒಂದು ಪಕ್ಕದಲ್ಲಿ ಪೂರ್ತಿ ಇಳಿಯದೆ ಅರ್ಧಕ್ಕೇ ನಿಂತಿತ್ತು. ಆ ಜೋಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಲಲ್ಲಿಟ್ಟುಕೊಂಡು ಬಂಗಾರಪೇಟೆಗೆ ತಂದೆ. ಸಮುದ್ರದ ನೀರನ್ನು ನನ್ನ ಗಂಡ ಮದ್ರಾಸ್ ಡ್ಯೂಟಿಯಿಂದ ಬರುವಾಗಲೆಲ್ಲ ಕ್ಯಾನಿನಲ್ಲಿ ತಂದರು. ಸಮುದ್ರದ ಮುಖ ನೋಡದ ಬೀದಿಯವರೆಲ್ಲ ಬಂದು ಕ್ಯಾನಿಗೆ ಬೆರಳದ್ದಿ ನೆಕ್ಕಿ ಹೋದರು.

ಆ ಬೇಸಿಗೆಯಲ್ಲಿ ಬಂಗಾರಪೇಟೆಯ ಕರೆಂಟು ಬರುವುದು ಅಪರೂಪವಾಯಿತು. ಕರೆಂಟಿಲ್ಲದಿದ್ದರೆ ಗಾಳಿಯ ಪಂಪು ನಿಲ್ಲುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ನಾನು, ನನ್ನ ಗಂಡ ಸರದಿಯಂತೆ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತ ಕೂರುತ್ತಿದ್ದೆವು. ಕೆ.ಜಿ.ಎಫ್.ನಲ್ಲಿ ಆ ಕಷ್ಟವಿರಲಿಲ್ಲ. ಗಣಿಯ ಕೆಳಗೆ ಜನ ಇರುತ್ತಾರೆ, ಅವರಿಗೆ ಮೇಲಿಂದ ಗಾಳಿ ಹೋಗಬೇಕು. ಹಾಗಾಗಿ ಅಲ್ಲಿ ಕರೆಂಟು ಹೋಗುವಂತಿರಲಿಲ್ಲ.

'ನಮ್ಮನೇಲಿ ಮಡಗಮ್ಮ' ಎಂದ ಅವನು. 'ಕೋಲಾರದಲ್ಲೇ ಕರೆಂಟ್ ಓದ್ರೂ ನಮ್ಗೆ ಓಗಲ್ಲ. ಮಳೆ ಬರ್ಲಿ, ಎತ್ಕೊಂಡೋಗುವಂತೆ.'

ಜೋಡಿಯನ್ನು ಬಕೆಟ್ಟಿನಲ್ಲಿಟ್ಟು ರೈಲಿನಲ್ಲಿ ಕೊಂಡೊಯ್ದು ಅವನ ತೊಟ್ಟಿಗೆ ಬಿಟ್ಟೆ. ಅವನು ಮೊದಲು ನೋಡಿದ್ದು ನೀರನ್ನು, ಆಮೇಲೆ ಮೀನನ್ನು, ನನ್ನನ್ನು ನೋಡಲೇ ಇಲ್ಲ. 'ಏಮಮ್ಮಾ, ಒಚ್ಚಿನಾವಾ?' ಎಂದು ದೊಡ್ಡ ಮೀನನ್ನು ಕೇಳಿದ. ಬಂದೆಯಾ ಎಂದು. ಅವನ ಮನೆ ಹುಡುಕಿಕೊಂಡು ಅದು ತಾನಾಗಿ ಮದ್ರಾಸಿನಿಂದ ಹೊರಟು ಬಂದ ಹಾಗೆ.

ಸಾರಿನ ಮಾತು ಆ ಬೇಸಿಗೆಯದು. ಬಿಸಿಲಿಗೆ ತೊಟ್ಟಿಯ ನೀರು ದಿನದಿನಕ್ಕೆ ಇಳಿಯುತ್ತಿತ್ತು. ಇಳಿದಷ್ಟನ್ನೂ ಅವನು ನನ್ನ ಗಂಡ ತಂದ ಸಮುದ್ರದ ನೀರಿನಿಂದಲೇ ತುಂಬಿಸುತ್ತಿದ್ದ. ಅಷ್ಟು ದೂರದಿಂದ ಬಂದ ನೀರಿಗೆ ಬಾವಿಯ ನೀರು ಬೆರೆಸುವುದು ಅವನಿಗೆ ಚಿನ್ನಕ್ಕೆ ತಾಮ್ರ ಬೆರೆಸಿದಂತೆ. ಕೆ.ಜಿ.ಎಫ್.ನವರು ಹೀಗೆಯೇ ಯೋಚಿಸುತ್ತಾರೆ, ಅದರಲ್ಲಿ ಅವನ ತಪ್ಪಿಲ್ಲ. ಆದರೆ ಮೀನುಗಳು ಏದುಸಿರು ಬಿಡಲು ತೊಡಗಿದವು, ಮೈ ಮಂಕಾಯಿತು. ಅವನು ಕಿರುಬೆರಳು ಅದ್ದಿ ನೆಕ್ಕಿ, ಸರಿಯಾಗಿಯೇ ಐತಲ್ಲ ಎಂದ. ದಿನವೂ ನೆಕ್ಕುವ ನಾಲಿಗೆಗೆ ದಿನಕ್ಕಿಷ್ಟು ಏರುವ ಉಪ್ಪು ತಿಳಿಯುವುದಿಲ್ಲ. ನಾನು ಎಷ್ಟೋ ದಿನದ ಮೇಲೆ ಬಂದವಳು, ನೆಕ್ಕಿದೆ. ಗಂಟಲು ಉರಿಯಿತು.

'ಅಣ್ಣ, ಸಾರು ಬತ್ತಿದರೆ ಮೇಲೆ ಇನ್ನಷ್ಟು ಸಾರು ಹುಯ್ತೀವಾ? ನೀರು ತಾನೆ ಹುಯ್ಯೋದು? ಆವಿಯಾಗಿ ಹೋಗೋದು ಬರೀ ನೀರು. ಉಪ್ಪು ಇಲ್ಲೇ ಇರುತ್ತೆ.'

'ಅಡಿಗೆಮನೆ ಬುದ್ಧಿ ಅಡಿಗೆಮನೇಲಿ ಮಡಗು ತಾಯಿ' ಎಂದ. 'ಸಮುದ್ರದ ಮೀನಿಗೆ ಬಾವಿ ನೀರು ಕುಡಿಸೋಕೆ ಓಯ್ತಾಳಂತೆ.'

ಮುಂದಿನ ವಾರ ಹೋದಾಗ ಮೀನುಗಳು ಚುರುಕಾಗಿದ್ದವು. ತೊಟ್ಟಿಯ ಪಕ್ಕದಲ್ಲಿ ಕಾಯಿಸಿ ಆರಿಸಿದ ಬಾವಿ ನೀರಿನ ಕೊಡ. ಟೂಲ್ ರೂಮಿನ ಯಾರೋ ಒಬ್ಬರು ಎದುರಿಗೆ ಕುಳಿತಿದ್ದರು. ಅವನು ಹೇಳುತ್ತಿದ್ದ: 'ಸಾರು ಬತ್ತುದ್ರೆ ಸಾರು ಉಯ್ತಾರೇನಯ್ಯ? ನೀರು ಉಯ್ಯಬೇಕು. ಇಷ್ಟೇ ಇದರ ಗುಟ್ಟು.' ನನ್ನನ್ನು ನೋಡಿ ನಿಲ್ಲಿಸಲಿಲ್ಲ. ಅವನಿಗೆ ಆ ಹೊತ್ತಿಗೆ ಅದು ನಿಜವಾಗಿಯೂ ತನ್ನ ಮಾತೇ ಆಗಿತ್ತೆಂದು ಕಾಣುತ್ತದೆ. ಕಳ್ಳನಿಗೆ ತಾನು ಕದ್ದದ್ದು ಗೊತ್ತಿದ್ದರೆ ಹಿಡಿಯಬಹುದು. ಇವನನ್ನು ಎಲ್ಲಿಂದ ಹಿಡಿಯುವುದು?

ಮಳೆ ಬಂತು. ಅಷ್ಟರಲ್ಲಿ ನನ್ನ ಗಂಡ ಹಳೆಯ ಬಸ್ಸಿನ ಬ್ಯಾಟರಿಯೊಂದನ್ನು ತಂದು ಪಂಪಿಗೆ ಜೋಡಿಸಿಕೊಟ್ಟಿದ್ದರು. ಕರೆಂಟು ಹೋದರೂ ಗಾಳಿ ನಿಲ್ಲದು. ಬಕೆಟ್ಟು ಹಿಡಿದು ಹೋದೆ.

'ನನ್ನ ಜೋಡಿ ಕೊಡಿ ಅಣ್ಣ.'

ಅವನು ತೊಟ್ಟಿಯ ಮೂಲೆಯತ್ತ ಗಲ್ಲ ತೋರಿಸಿದ. ಒಡೆದ ಹೂಕುಂಡದ ಅರ್ಧ ಭಾಗವೊಂದನ್ನು ಮಗುಚಿ ಇಟ್ಟಿದ್ದ. ಅದರ ಮೈಮೇಲೆ ಅಂಗೈಯಗಲ ಕಿತ್ತಳೆ ಚುಕ್ಕೆಗಳು ಒತ್ತಾಗಿ ನಿಂತಿದ್ದವು. ಚಿಕ್ಕ ಮೀನು ರೆಕ್ಕೆ ಬೀಸಿ ಅವಕ್ಕೆ ಗಾಳಿ ಹಾಕುತ್ತಿತ್ತು. ದೊಡ್ಡದು ಗಾಜಿನ ಹತ್ತಿರ ಬಂದ ನನ್ನ ಬೆರಳನ್ನು ಕಚ್ಚಲು ನುಗ್ಗಿತು.

'ಈಗ ಮೊಟ್ಟೆ ಐತೆ ಕಣಮ್ಮ. ಈಗ ಎತ್ತುದ್ರೆ ಎಲ್ಲಾ ತಿಂದಾಕ್ ಬುಡ್ತವೆ. ಆಮೇಲೆ ಬಾ.' ಒಳಗೆ ತಿರುಗಿ ಹೆಂಡತಿಗೆ ತಮಿಳಿನಲ್ಲಿ ಕಾಫಿ ಎಂದ.

ಆಮೇಲೆ ಹೋದೆ. ಮೊಟ್ಟೆಗಳಿದ್ದವು. ಹಬ್ಬ ಕಳೆದು ಹೋದೆ, ಇದ್ದವು. ಈ ಮೀನುಗಳು ಒಮ್ಮೆ ಇಡಲು ಶುರುಮಾಡಿದರೆ ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಎಂಬಂತೆ ಇಡುತ್ತಲೇ ಇರುತ್ತವೆ. ಒಂದು ಸಲದ ಮರಿ ಹೊರಬಿದ್ದು ಕುಂಡ ಬರಿದಾಗುವ ಹೊತ್ತಿಗೆ ಮತ್ತೆ ಅದನ್ನು ಬಾಯಲ್ಲಿ ಉಜ್ಜಿ ತೊಳೆಯತೊಡಗುತ್ತವೆ. ಅವನು ಹೇಳಿದ್ದು ಒಂದು ಸಲವೂ ಸುಳ್ಳಾಗಿರಲಿಲ್ಲ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಮೀನು ಕೇಳಲು ಹೋದಾಗಲೆಲ್ಲ ನನಗೆ ಕಾಫಿ ಸಿಕ್ಕಿತು. ಅಕ್ಕ, ಅಂದರೆ ಅವನ ಹೆಂಡತಿ, ಮಾಡುತ್ತಿದ್ದ ಕಾಫಿ ಚೆನ್ನಾಗಿರುತ್ತಿತ್ತು. ಅದಕ್ಕೂ ಸಿಟ್ಟು ಬರುತ್ತಿತ್ತು.

ಆ ಜೋಡಿಯನ್ನು ತೋರಿಸಿ ಅವನು ಬಂದವರಿಗೆಲ್ಲ ಹೇಳುತ್ತಿದ್ದ ಇನ್ನೊಂದು ಮಾತಿದೆ, ಇದು ಅವನದೇ: 'ಇದು ನಮ್ ಫ್ಯಾಕ್ಟರಿ ಇದ್ದಂಗೆ. ಉಟ್ಟುವಾಗ ಎಲ್ಲಾವೂ ಗಂಡೇ. ದೊಡ್ಡದಾಗಿ ಬೆಳೆದದ್ದು ಎಣ್ಣಾಗಿ ಯಜಮಾನಿಕೆ ಮಾಡ್ತದೆ. ಈ ಚಿಕ್ಕದು ಐತಲ್ಲ, ಇದಕ್ಕೆ ಬೆಳೆಯೋಕೆ ಬರಲ್ಲ ಅಂತಲ್ಲ. ಬೆಳೆದ್ರೆ ದೊಡ್ಡದು ಕಚ್ತದೆ, ಅದಕ್ಕೇ ಬೆಳೆಯಲ್ಲ. ದೊಡ್ಡದು ಸಾಯ್ಲಿ, ಆಮೇಲೆ ನೋಡು ಇದರ ಆಟ.' ಕೇಳಿದವರು ತಮ್ಮ ತಮ್ಮ ಆಫೀಸರರನ್ನು ನೆನೆದು ನಗುತ್ತಿದ್ದರು. ದೊಡ್ಡದು ಹತ್ತಿರ ಬಂದಾಗ ಚಿಕ್ಕದು ಒಂದು ಪಕ್ಕಕ್ಕೆ ವಾಲಿ ಮೈಯನ್ನೆಲ್ಲ ನಡುಗಿಸುತ್ತದೆ. ನಾನು ನಿನಗಿಂತ ಚಿಕ್ಕವನು ಎಂದು ಒಪ್ಪಿಕೊಳ್ಳುವ ರೀತಿ ಅದು.

ಮರಿಗಳನ್ನು ಉಳಿಸುವುದು ಬೇರೆಯೇ ಕಷ್ಟ. ಮರಿ ಎಂದರೆ ಕಣ್ಣಿರುವ ಒಂದು ಎಳೆ ದಾರ. ಅವನು ಮೊಟ್ಟೆಯ ಹಳದಿ ಕಲಸಿ ಹಾಕಿದ, ಹಾಲಿನ ಪುಡಿ ಹಾಕಿದ; ಪ್ರತಿ ಸಲವೂ ಮೂರು ನಾಲ್ಕು ದಿನಕ್ಕೆ ತೊಟ್ಟಿ ಖಾಲಿ. ನಮ್ಮ ಮನೆಯ ತಾರಸಿಯಲ್ಲಿ ನನ್ನ ಗಂಡ ಅಳಿವೆಯ ಹತ್ತಿರ ತುಂಬಿಸಿ ತಂದ ಒಂದು ಕ್ಯಾನು ಮರೆತುಹೋಗಿ ಬಿಸಿಲಿಗೆ ಹಸಿರುಗಟ್ಟಿತ್ತು. ಚೆಲ್ಲಲು ಹೋದವಳು ಬೆಳಕಿಗೆ ಹಿಡಿದು ನೋಡಿದರೆ ರಾಗಿ ಹಿಟ್ಟಿನ ಧೂಳಿನಂಥದ್ದು ಏನೋ ಒಳಗೆ ತಾನಾಗಿ ಓಡಾಡುತ್ತಿತ್ತು. ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸೋಸಿ, ಬಾಟಲಿಗೆ ತುಂಬಿ, ಬೆಳಗಿನ ರೈಲಿಗೆ ಕೋರಮಂಡಲ್‌ಗೆ ಒಯ್ದೆ. ಮರಿಗಳು ಮೈಯನ್ನು ಕೊಕ್ಕೆಯಂತೆ ಬಾಗಿಸಿ ಆ ಧೂಳಿಗೆ ಗುರಿಯಿಟ್ಟು ಹಾರಿದವು. ಮೊದಲ ಸಲ ಅವುಗಳ ಹೊಟ್ಟೆ ತುಂಬಿದ್ದು ಕಣ್ಣಿಗೆ ಕಂಡಿತು.

ಆ ಇಡೀ ಚಳಿಗಾಲ ಡ್ಯೂಟಿಗೆ ಮುಂಚೆ, ಊಟದ ಬಿಡುವಿನಲ್ಲಿ, ಸಂಜೆಯ ರೈಲಿಗೆ ಮುಂಚೆ ಅವನ ಮನೆಗೆ ಹೋಗಿ ತಿನ್ನಿಸಿದೆ. ಅವನು ಹೆಚ್ಚಾಗಿ ಶಿಫ್ಟಿನಲ್ಲಿರುತ್ತಿದ್ದ. ಮರಿಗಳ ಮೈಮೇಲೆ ಮೊದಲ ಬಿಳಿ ಪಟ್ಟಿ ಮೂಡಿದ ದಿನ ಮನೆಯಲ್ಲಿದ್ದವರು ನಾನು, ಅಕ್ಕ ಇಬ್ಬರೇ. ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಉಂಗುರದ ವಿಷಯದಲ್ಲೂ ಮಾಡುತ್ತಿದ್ದೆ ಎಂಬುದೂ ಗೊತ್ತಿದೆ.

ಕಾರ್ಖಾನೆಯ ಹೂವು ತರಕಾರಿಗಳ ಪ್ರದರ್ಶನದಲ್ಲಿ ಅವನು ಮರಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟ. ಸಮುದ್ರವೇ ಇಲ್ಲದ ಊರಿನಲ್ಲಿ ಹುಟ್ಟಿದ ಸಮುದ್ರದ ಮೀನು ಎಂದು ಜನ ಮುಗಿಬಿದ್ದರು. ದೊಡ್ಡ ಆಫೀಸರರ ಹೆಂಡತಿ ಬಗ್ಗಿ ನೋಡಿ, 'ಎಷ್ಟು ಮುದ್ದಾಗಿವೆ. ಯಾರು ಬೆಳೆಸಿದ್ದು?' ಎಂದರು.

'ನಾನೇ ಮೇಡಂ. ನಾಲ್ಕು ವರ್ಷದ ತಪಸ್ಸು' ಎಂದ. ಆಮೇಲೆ ಹಿಂದೆ ನಿಂತಿದ್ದ ನನ್ನ ಕಡೆ ಕೈ ತೋರಿಸಿ, 'ಈಯಮ್ಮ ನೀರು ತಂದ್ಕೊಡ್ತಾರೆ.'

ಆಕೆ ನನ್ನನ್ನು ನೋಡಿ ನಕ್ಕರು. ನಾನು ಏನಾದರೂ ಹೇಳಬೇಕಿತ್ತು. ಒಂದು ಪಕ್ಕಕ್ಕೆ ವಾಲಿ ತಲೆಯಾಡಿಸಿದೆ. ಮೈ ಸಣ್ಣಗೆ ನಡುಗಿದ್ದು ನನಗೇ ಗೊತ್ತಾಯಿತು.

ಅವನಿಗೆ ಬಹುಮಾನದ ಒಂದು ಕಪ್ಪು ಕೊಟ್ಟರು. ಅದನ್ನು ತೊಟ್ಟಿಯ ಪಕ್ಕದಲ್ಲಿಟ್ಟು, ಗಾಜು ಉಜ್ಜುವ ಬ್ರಷ್ಷನ್ನು ಅದರಲ್ಲಿ ನಿಲ್ಲಿಸಿದ. ಮರಿಗಳು ಆಫೀಸರರ ಮನೆಗಳಿಗೆ ಹೋದವು, ಅಲ್ಲಿ ಒಂದೊಂದಾಗಿ ಸತ್ತವು. ನನಗೂ ಎರಡು ಕೊಡಲು ಬಂದ. ಮರಿ ಬೇಡ ಅಣ್ಣ, ನನ್ನ ಜೋಡಿ ಕೊಡಿ ಎಂದೆ.

'ಈಗ ಮೊಟ್ಟೆ ಐತಲ್ಲಮ್ಮ' ಎಂದ.

ಅವತ್ತು ರೈಲಿನಲ್ಲಿ ನಿರ್ಧಾರ ಮಾಡಿದೆ. ಇನ್ನು ಕೇಳುವುದಿಲ್ಲ, ಕಾಯುತ್ತೇನೆ. ರಿಟೈರಾದರೆ ಕ್ವಾರ್ಟರ್ಸ್ ಬಿಡಬೇಕು. ಅವನು ಸೈಟು ಕೊಂಡಿದ್ದದ್ದು ಬಂಗಾರಪೇಟೆಯಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅಲ್ಲಿ ನೆಲದ ಕೆಳಗೆ ಯಾರೂ ಕೆಲಸ ಮಾಡುವುದಿಲ್ಲ. ಕರೆಂಟು ಬೇಕಾದಾಗ ಹೋಗುತ್ತದೆ. ದೇವರನ್ನು ಬೇರೇನೂ ಕೇಳಲಿಲ್ಲ. ಅವನು ರಿಟೈರಾಗುವವರೆಗೆ ಆ ಜೋಡಿ ಬದುಕಿರಲಿ ಎಂದಷ್ಟೆ.

ಬದುಕಿತ್ತು. ಅವನು ಬಂಗಾರಪೇಟೆಗೆ ಬಂದ ಮೊದಲ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಬೆವರು ಸುರಿಸುತ್ತ ಬಕೆಟ್ಟು ಹಿಡಿದು ನಿಂತಿದ್ದ. ಒಳಗೆ ನನ್ನ ಮೀನು, ಅವನ ಕುಂಡ. ದೊಡ್ಡದರ ಪಟ್ಟಿ ಅರ್ಧಕ್ಕೇ ನಿಂತಿತ್ತು. ಬಲಗಡೆ ಎಂದು ನನ್ನ ನೆನಪು, ಇದರದು ಎಡಗಡೆ. ಉಂಗುರದ ಹಾಗೆ ಇದೂ ಇರಬೇಕು ಎಂದು ಈಗ ಅನಿಸುತ್ತದೆ.

'ಬೆಳಗ್ಗಿಂದ ಕರೆಂಟಿಲ್ಲ ಕಣಮ್ಮ. ನಿಮ್ಮನೇಲಿ ಬ್ಯಾಟರಿ ಐತಲ್ಲ. ಮಳೆ ಬರೋಗಂಟ ಇಲ್ಲಿರ್ಲಿ.'

'ಅದಕ್ಕೇನಂತೆ, ಇರಲಿ ಅಣ್ಣ' ಎಂದೆ.

ಮಳೆ ಬಂತು. ಅವನು ಖಾಲಿ ಬಕೆಟ್ಟು ಹಿಡಿದು ಬಂದ. ತೊಟ್ಟಿಯ ಮುಂದೆ ಕೂರಿಸಿದೆ. ಮಾತನ್ನು ಎಷ್ಟೋ ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ, ಅವಸರ ಮಾಡಲಿಲ್ಲ.

'ಈಗ ಮೊಟ್ಟೆ ಇದೆ ಅಣ್ಣ. ಈಗ ಎತ್ತಿದರೆ ತಿಂದುಹಾಕುತ್ತವೆ. ಆಮೇಲೆ ಬನ್ನಿ. ಕಾಫಿ ಕುಡೀತೀರಾ?'

ಇದನ್ನು ಕೇಳಿದಾಗ ಅವನ ಮುಖ ಹೇಗಾಯಿತು ಎಂಬುದನ್ನು ಇಲ್ಲಿ ಬರೆಯಬೇಕು. ಇಷ್ಟು ವರ್ಷ ಕಾದದ್ದು ಆ ಮುಖಕ್ಕಾಗಿಯೇ. ಅದೊಂದೇ ನೆನಪಿಲ್ಲ. ಬಕೆಟ್ಟಿನ ಹಿಡಿ ಕಳಕ್ಕೆಂದು ಬಿದ್ದದ್ದು ನೆನಪಿದೆ, ಹೊರಗೆ ಯಾರೋ ಕೊತ್ತಂಬರಿ ಸೊಪ್ಪು ಕೂಗಿದ್ದು ನೆನಪಿದೆ. ಅವನು ಬಗ್ಗಿ ಕುಂಡವನ್ನು ನೋಡಿದನೋ, ನಾನೇ ಮುಖ ತಿರುಗಿಸಿದೆನೋ. ನಕ್ಕ ಎಂದು ಬರೆಯಬಹುದು, ಸೋತು ಹೋದ ಎಂದೂ ಬರೆಯಬಹುದು. ಎರಡೂ ಉಂಗುರಗಳೇ. ಕೇಳಿಸಿದ್ದು ಇಷ್ಟು: 'ಔದಾ. ಇರ್ಲಿ ಬುಡು.'

ಆಮೇಲೆ ಸಾಯುವವರೆಗೂ ಸಂಜೆ ಹೊತ್ತು ಬರುತ್ತಿದ್ದ. ನಾನು ಕೊಟ್ಟ ಸ್ಟೂಲಿನ ಮೇಲೆ ಕೂತು, ನನ್ನ ಕಾಫಿ ಕುಡಿದು, ನನ್ನ ತೊಟ್ಟಿಯ ಮುಂದೆ ಮೀನಿನ ಜೊತೆ ತೆಲುಗಿನಲ್ಲಿ ಮಾತಾಡಿ ಹೋಗುತ್ತಿದ್ದ. ನೀರಿಗೆ ಬೆರಳು ಅದ್ದುವ ಮುಂಚೆ ನನ್ನ ಮುಖ ನೋಡುತ್ತಿದ್ದ. ಒಂದೊಂದು ದಿನ ಅದ್ದಬಹುದು ಎಂದು ತಲೆಯಾಡಿಸುತ್ತಿದ್ದೆ, ಒಂದೊಂದು ದಿನ ನೋಡದವಳಂತೆ ಇರುತ್ತಿದ್ದೆ. ಆ ದಿನ ಕೈ ಮಡಿಲಲ್ಲಿಟ್ಟುಕೊಂಡೇ ಹೋಗುತ್ತಿದ್ದ. ಬಂದ ನೆಂಟರಿಗೆ ನಾನು ಅವನನ್ನು ಹೀಗೆ ಪರಿಚಯಿಸಿದೆ: 'ಇವರು ಕುಂಡ ತಂದುಕೊಟ್ಟವರು.'

ಅವನ ತಿಥಿಯೆಲ್ಲ ಕಳೆದ ಮೇಲೆ ಅಕ್ಕ ಬಂದರು. ಮನೆಯಲ್ಲಿ ಅವನ ತೊಟ್ಟಿ ಖಾಲಿ ನಿಂತಿದೆಯಂತೆ, ನೋಡಲಾಗುವುದಿಲ್ಲವಂತೆ.

'ಆ ಜೋಡಿ ಕೊಡ್ತೀಯಾಮ್ಮಾ? ಅವರ ಜಾಗದಲ್ಲಿ ಇಟ್ಕೊತೀನಿ. ಮಗ ಬ್ಯಾಟರಿ ಹಾಕಿಕೊಟ್ಟಿದ್ದಾನೆ.'

ನನ್ನ ಬಾಯಿ ತಾನಾಗಿ ತೆರೆಯಿತು. 'ಈಗ ಮೊಟ್ಟೆ ಇದೆ ಅಕ್ಕಾ.'

ಇತ್ತು. ಮೊಟ್ಟೆಗಳ ಒಳಗೆ ಕಣ್ಣುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಅಕ್ಕ ಕುಂಡವನ್ನು ನೋಡಲೂ ಇಲ್ಲ.

'ಗೊತ್ತಮ್ಮಾ. ಯಾವಾಗ ಕೇಳಿದ್ರೂ ಇರುತ್ತೆ. ನೀನು ಬಕೆಟ್ ಎತ್ಕೊಂಡು ಹೋದ ಮೇಲೆ ಅವರು ಒಳಗೆ ಬಂದು ಹೇಳೋರು, ಮೊಟ್ಟೆ ಐತೆ ಅಂದ್ರೆ ಆಯಮ್ಮ ಏನೂ ಮಾಡಕಾಗಲ್ಲ, ಪಾಪದವಳು ಅಂತ.'

ಹಾಗಾದರೆ ಅವನಿಗೆ ಗೊತ್ತಿತ್ತು. ಬಾಯಿ ಸಿಹಿಯಾಯಿತು. ಇಷ್ಟು ವರ್ಷ ನಾನು ಸುಮ್ಮನೆ ಉರಿದಿರಲಿಲ್ಲ. ನನ್ನ ನೆನಪಿನ ಸುಳ್ಳುಗಳ ನಡುವೆ ಇದೊಂದು ನಿಜವಾಗಿತ್ತು. ಸಾಕ್ಷಿಯೂ ಅವನ ಮನೆಯಿಂದಲೇ ಬಂತು.

ಅಕ್ಕ ಸ್ಟೂಲಿನ ಮೇಲೆ ಕೂತರು. ಅವನು ಕೂರುತ್ತಿದ್ದ ಸ್ಟೂಲು. ಮೀನುಗಳನ್ನು ಸ್ವಲ್ಪ ಹೊತ್ತು ನೋಡಿದರು.

'ನೀನು ಅದನ್ನ ಅವರಿಗೇ ತಿರುಗಿಸಿ ಹೇಳಿದ ದಿನ ಮನೆಗೆ ಬಂದು ಎಷ್ಟು ನಕ್ಕರು ಗೊತ್ತಾ? ಪರವಾಗಿಲ್ಲ, ಆಯಮ್ಮ ನನ್ನತ್ರ ಚೆನ್ನಾಗಿ ಕಲ್ತವ್ಳೆ ಅಂತ. ಎಲ್ರಿಗೂ ಹೇಳ್ಕೊಂಡು ಓಡಾಡಿದ್ರು.'

ನಾನು ಒಳಗೆ ಹೋದೆ. ಸಾರಿನ ಮಾತು ಹೋಯಿತು, ಮರಿಗಳು ಹೋದವು, ಈಗ ಇದೂ ಅವನ ಲೆಕ್ಕಕ್ಕೆ. ಇನ್ನು ನನ್ನ ಕೈಯಲ್ಲಿ ಉಳಿದದ್ದು ಮೀನುಗಳು ಮಾತ್ರ.

ಮೀನು ಕೊಡಲಿಲ್ಲ. ಒಲೆ ಹಚ್ಚಿ, ಹಾಲಿಟ್ಟು, ಅಕ್ಕನಿಗೆ ಕಾಫಿ ಮಾಡಿದೆ.